ರಜೆಯ ತಿಂಗಳು

ಲಕೋಟೆ ಇವತ್ತೂ ಅಲ್ಲೇ ಇತ್ತು. ಕುಚ್ಚಲಕ್ಕಿ ಡಬ್ಬಿಯ ಅಡಿಯಿಂದ ಅದರ ಬಿಳಿ ಅಂಚು ಒಂದು ಬೆರಳಿನಷ್ಟು ಹೊರಗೆ ಕಾಣುತ್ತಿತ್ತು, ಒಂದನೇ ತಾರೀಖು ಆಶ್ರಿತಾ ಇಟ್ಟಾಗ ಹೇಗಿತ್ತೋ ಹಾಗೆಯೇ. ಇಂದು ಏಪ್ರಿಲ್ ಹನ್ನೆರಡು. ಗಂಡ ಸಮಿತ್ ತೀರಿಹೋದ ಮೇಲೆ ಪ್ರತಿ ತಿಂಗಳೂ ಅವಳು ಸಂಬಳದ ಒಂದು ಭಾಗವನ್ನು ಹೀಗೆ ಡಬ್ಬಿಯ ಕೆಳಗೆ ಇಡುತ್ತಿದ್ದಳು. ಕೈಗೆ ಕೊಡುವ ಧೈರ್ಯ ಮೊದಲ ಸಲ ಇರಲಿಲ್ಲ, ಆಮೇಲೆ ಅದೇ ರೂಢಿಯಾಯಿತು. ಮರುದಿನ ನೋಡಿದರೆ ಲಕೋಟೆ ಇರುತ್ತಿರಲಿಲ್ಲ. ಅತ್ತೆ ಜಯಲತಾ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ತೆಗೆದುಕೊಂಡರಲ್ಲ ಎನ್ನುವುದೇ ಆಶ್ರಿತಾಳಿಗೆ ಆ ಮನೆಯಲ್ಲಿ ಉಣ್ಣಲು, ಬಚ್ಚಲಿನಲ್ಲಿ ಹೆಚ್ಚು ಹೊತ್ತು ಕಳೆಯಲು, ರಜಾದಿನದ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಲು ಸಿಕ್ಕ ಪರವಾನಗಿಯಾಗಿತ್ತು. ಈ ತಿಂಗಳು ಅವರು ಮುಟ್ಟಿಲ್ಲ. ಡಬ್ಬಿ ಎತ್ತಿ ಅಕ್ಕಿ ಅಳೆದು ಮತ್ತೆ ಲಕೋಟೆಯ ಮೇಲೆಯೇ ಇಡುತ್ತಾರೆ. ಕಣ್ಣಿಗೆ ಬಿದ್ದಿಲ್ಲ ಎಂದುಕೊಳ್ಳಲು ಮೊದಲ ಮೂರು ದಿನ ಸಾಧ್ಯವಾಯಿತು. ನಾಲ್ಕನೆಯ ದಿನ ಅತ್ತೆ ಕಟ್ಟೆ ಒರೆಸುತ್ತಾ ಲಕೋಟೆಯನ್ನು ಎತ್ತಿ, ಅದರಡಿಯೂ ಒರೆಸಿ, ಪುನಃ ಅಲ್ಲೇ ಇಟ್ಟದ್ದನ್ನು ಅವಳು ಕಂಡಳು. ಇಪ್ಪತ್ನಾಲ್ಕಕ್ಕೆ ಸಮಿತ್ ಹೋಗಿ ವರ್ಷ ತುಂಬುತ್ತದೆ. ಇನ್ನು ನಿನ್ನದು ನೀನು ನೋಡಿಕೋ ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವರು, ಹೀಗೆಯೇ ಹೇಳುತ್ತಾರೆ. ಐದನೇ ತಾರೀಖು ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಾ, ಮೋಹಿನಿಯವರಿಗೆ ಬಾಡಿಗೆಗೆ ಕೊಟ್ಟಿರುವ ಕಲ್ಯಾಣದ ರೂಮು ತನಗೆ ಬೇಕು, ಅಲ್ಲಿ ಒಬ್ಬಳೇ ಇರುತ್ತೇನೆ ಎಂದು ಅವಳೇ ಹೇಳಿಬಿಟ್ಟಳು.

ಜಯಲತಾ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. "ತಕ್ಕೋ," ಎಂದರು. "ನಿಂಗೆ ಬೇಕಾದ್ರೆ ಇಲ್ಲ ಅಂತ ಉಂಟಾ? ಆದ್ರೆ ಏಪ್ರಿಲ್ ಕಳೀಲಿ. ಮೋಹಿನಿ ಹತ್ರ ನೀನೇ ಹೋಗಿ ಹೇಳು. ಫೋನಲ್ಲಿ ಹೇಳ್ಬೇಡ. ಕೂತು, ಒಂದು ಲೋಟ ನೀರು ಕುಡಿದು, ಆಮೇಲೆ ಹೇಳು."

ಏಪ್ರಿಲ್ ಕಳೆಯುವವರೆಗೆ ಕಾಯಲು ಅವಳಿಂದ ಆಗಲಿಲ್ಲ. ದಿನಾ ಅನ್ನಕ್ಕೆ ಕೈ ಹಾಕಿದಾಗೆಲ್ಲ ಲಕೋಟೆಯ ಅಂಚು ಕಾಣುತ್ತಿತ್ತು. ಇವತ್ತು ಭಾನುವಾರ, ಬೆಳಿಗ್ಗೆಯೇ ಸೀರೆ ಉಟ್ಟುಕೊಂಡಳು. ಬಾಡಿಗೆಯವರ ಮನೆಗೆ ಚೂಡಿದಾರದಲ್ಲಿ ಹೋದರೆ ತನ್ನ ಮಾತಿಗೆ ತೂಕ ಬರುವುದಿಲ್ಲ ಎಂದು ಯಾಕೆ ಅನ್ನಿಸಿತೋ, ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು. "ಕಲ್ಯಾಣಕ್ಕೆ ಹೋಗಿ ಬರ್ತೀನಿ, ಅತ್ತೆ," ಎಂದಳು. ಕಾಯಿ ತುರಿಯುತ್ತಿದ್ದ ಜಯಲತಾ ಅವಳ ಸೀರೆಯನ್ನು ನೋಡಿದರು. "ಹತ್ತೂವರೆಗೆ ಅಲ್ಲಿ ನೀರು ಬರ್ತದೆ. ಆ ಹೊತ್ತಿಗೆ ಹೋದ್ರೆ ಮನೆಯಲ್ಲೇ ಸಿಗ್ತಾಳೆ." ಅಷ್ಟೇ. ಬೇಡ ಎನ್ನಲಿಲ್ಲ. ಎಂದಿದ್ದರೆ ಆಶ್ರಿತಾ ನಿಲ್ಲುತ್ತಿದ್ದಳೇನೋ.

ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿ ಅರ್ಧ ಖಾಲಿಯಿತ್ತು. ಡೊಂಬಿವಿಲಿಗೂ ಕಲ್ಯಾಣಕ್ಕೂ ನಡುವೆ ಒಂದೇ ಸ್ಟೇಷನ್ನು. ಅವಳು ಬಾಗಿಲ ಬಳಿಯ ಕಂಬ ಹಿಡಿದು ವಾಕ್ಯವನ್ನು ಕಟ್ಟುತ್ತಾ ನಿಂತಳು. ಅಗ್ರಿಮೆಂಟ್ ಮಾರ್ಚ್ ಮೂವತ್ತೊಂದಕ್ಕೆ ಮುಗಿದಿದೆ, ರೂಮು ನಮಗೇ ಬೇಕಾಗಿದೆ. ತಪ್ಪಿಲ್ಲದ ವಾಕ್ಯ. ಐರೋಲಿಯ ಆಫೀಸಿನಲ್ಲಿ ದಿನಕ್ಕೆ ಎಂಟು ಗಂಟೆ ಅವಳು ಓದುವುದು ಇಂಥವನ್ನೇ. ಯಾರದೋ ಕರಾರುಗಳಲ್ಲಿ ಒಂದು ಶಬ್ದ ಎರಡು ಅರ್ಥ ಕೊಡದ ಹಾಗೆ ಕಾಯುವುದು ಅವಳ ಕೆಲಸ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಕಾಗದ ಇಲ್ಲದ ತಿಂಗಳಿನಲ್ಲಿ ಬಾಡಿಗೆದಾರರ ಕೈ ಎಷ್ಟು ಬರಿದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇವತ್ತು ಹೊರಟದ್ದು. ಮೇ ಒಂದಾದರೆ ಹೊಸ ಕಾಗದ ಆಗುತ್ತದೆ, ಮತ್ತೆ ಹನ್ನೊಂದು ತಿಂಗಳು ಏನೂ ಹೇಳಲಾಗುವುದಿಲ್ಲ. ಮದುವೆಯಾಗಿ ಎರಡು ತಿಂಗಳಾಗಿದ್ದಾಗಲೂ ಹೀಗೇ ಊಟದ ಹೊತ್ತು. ಅತ್ತೆ ಬದಲಾಪುರದ ಎರಡು ರೂಮು, ಕಲ್ಯಾಣದ ಒಂದು ರೂಮಿನ ಮಾತು ಆಡುತ್ತಿದ್ದರು. ಇಲ್ಲಿಯ ಬಾಡಿಗೆ ಕಾಗದದ ಹೆಸರೇ ಲೀವ್ ಅಂಡ್ ಲೈಸೆನ್ಸ್. "ಹನ್ನೊಂದು ತಿಂಗಳು ಲೈಸೆನ್ಸು, ಒಂದು ತಿಂಗಳು ಲೀವು. ಏಪ್ರಿಲ್‌ನಲ್ಲಿ ನಾನು ಬಾಡಿಗೆಗೆ ಹೋಗುವುದಿಲ್ಲ, ತಕ್ಕೊಳ್ಳುವುದೂ ಇಲ್ಲ," ಎಂದರು. ಆಶ್ರಿತಾ ನಕ್ಕು, ಅಲ್ಲ ಅತ್ತೆ, ಇಲ್ಲಿ ಲೀವ್ ಅಂದ್ರೆ ರಜ ಅಲ್ಲ, ಅನುಮತಿ, ಇರೋದಕ್ಕೆ ಕೊಡೋ ಅನುಮತಿ, ಎಂದು ಪಾಠ ಮಾಡಿದಳು. ಮೇಜಿನ ಕೆಳಗೆ ಸಮಿತ್‌ನ ಕಾಲು ಅವಳ ಕಾಲನ್ನು ಒತ್ತಿತು. ಅವಳಿಗೆ ಅದು ಸಲಿಗೆಯೆನಿಸಿ ಇನ್ನಷ್ಟು ಬಿಡಿಸಿ ಹೇಳಿದಳು. ಅತ್ತೆಯ ಮುಖದಲ್ಲಿ ಒಂದು ಸಣ್ಣ ನಗು ಬಂದು ನಿಂತಿತ್ತು. "ಹೌದಾ? ನಮಗೆ ಇಂಗ್ಲಿಷ್ ಎಲ್ಲಿ ಬರ್ತದೆ, ಮಗಾ," ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಅಮ್ಮನಿಗೆ ಗೊತ್ತುಂಟು, ನಾನು ಕಾಲೇಜಿಗೆ ಹೋಗುವಾಗಲೇ ಹೇಳಿದ್ದೆ, ಎಂದು ಸಮಿತ್ ಆಮೇಲೆ ಹೇಳಿದ. ಅವನ ಅಪ್ಪ ಭುಜಂಗ ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದವರು. ಹೋಟೆಲಿನವರಿಗೆಲ್ಲ ಹನ್ನೊಂದು ತಿಂಗಳು ದುಡಿಮೆ, ಒಂದು ತಿಂಗಳು ಊರಿಗೆ ಹೋಗಲು ರಜೆ. ಮೊದಲ ಬಾರಿ ರೂಮು ಬಾಡಿಗೆಗೆ ಕೊಟ್ಟಾಗ ಏಜೆಂಟ್ ಹನ್ನೊಂದು ತಿಂಗಳ ಕಾಗದ ಮುಂದಿಟ್ಟು ಹೆಸರು ಓದಿದನಂತೆ; ಜಯಲತಾರಿಗೆ ಅದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ. ಲೋಕ ಇರುವುದೇ ಹಾಗೆ. ಹತ್ತು ವರ್ಷದ ಮೇಲೆ ಮಗ ನಿಜವಾದ ಅರ್ಥ ಹೇಳಿದಾಗ ಅವರು ಒಂದು ದಿನ ಯೋಚಿಸಿ, "ಕೊಟ್ಟ ರಜೆಯನ್ನು ಇಂಗ್ಲಿಷ್ ಗೊತ್ತಾಯ್ತು ಅಂತ ತೆಗೀಲಿಕ್ಕೆ ಆಗ್ತದಾ?" ಎಂದರಂತೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಒಂದು ವರ್ಷ ಭುಜಂಗರು ಊರಿನಿಂದ ಹಪ್ಪಳದ ಕಟ್ಟು ಹಿಡಿದುಕೊಂಡು ಹೋಟೆಲಿಗೆ ಮರಳಿದಾಗ ಗಲ್ಲಾದ ಮೇಲೆ ಬೇರೊಬ್ಬ ಕೂತಿದ್ದ. ನೀನು ವಾಪಸ್ ಬರ್ತಿ ಅಂತ ಯಾರಿಗೆ ಗೊತ್ತು, ಎಂದಿದ್ದರು ಧಣಿಗಳು. ಅಂದಿನಿಂದ ಜಯಲತಾರ ಒಂದು ನಿಯಮ: ರಜೆಯಲ್ಲಿರುವವರಿಗೆ ಜಾಗ ಇಲ್ಲ ಎಂದು ಹೇಳಬಾರದು. ಇದನ್ನೆಲ್ಲ ಹೇಳುವಾಗ ಸಮಿತ್ ಬಾಯಿತುಂಬ ಉಂಟು, ಉಂಟು ಎನ್ನುತ್ತಿದ್ದ. ನಿನ್ನ ಬಾಯಲ್ಲಿ ಒಂದು 'ಉಂಟು' ಕೇಳ್ಬೇಕು ನಂಗೆ, ಎರಡು ವರ್ಷ ಆಯ್ತು, ಇನ್ನೂ ಇದೆ ಇದೆ ಅಂತಲೇ ಇದ್ದಿ, ಎಂದು ಕೀಟಲೆ ಮಾಡುತ್ತಿದ್ದ. ಅವಳು ಬೇಕೆಂದೇ ಹೇಳುತ್ತಿರಲಿಲ್ಲ. ಒಂದು ದಿನ ಠಾಣೆ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವನ ಹೃದಯ ನಿಂತಿತು.

ಕಲ್ಯಾಣದಲ್ಲಿ ಇಳಿದು ಪೂರ್ವದ ಕಡೆಗೆ ನಡೆಯುತ್ತಾ ಅವಳಿಗೆ ಅತ್ತೆಯ ಚಪ್ಪಲಿ ನೆನಪಾಯಿತು. ಹದಿಮೂರು ದಿನ ಕಳೆದ ಮರುಬೆಳಿಗ್ಗೆಯೇ ಅವರು ಚಪ್ಪಲಿ ಮೆಟ್ಟಿ ಬಾಡಿಗೆ ತರಲು ಹೊರಟಿದ್ದರು. ಗೋಡೆಗೆ ಒರಗಿ ಕೂತಿದ್ದ ಆಶ್ರಿತಾ ಆ ಚಪ್ಪಲಿಯ ಸದ್ದನ್ನು ದ್ವೇಷಿಸಿದಳು. ಮಗನ ಬೂದಿ ಆರುವ ಮೊದಲೇ! ಬಾಗಿಲಲ್ಲಿ ನಿಂತು ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ನಾನು ಹೋಗದಿದ್ರೆ ಅವ್ರು ಇಲ್ಲಿಗೆ ಬರ್ತಾರೆ. ಬಂದು ಮೊದಲು ಅಳುವುದಾ, ದುಡ್ಡು ಕೊಡುವುದಾ, ಗೊತ್ತಾಗುವುದಿಲ್ಲ ಪಾಪ ಅವ್ರಿಗೆ." ಅತ್ತೆ ಎಂದೂ ಬಾಯಿಬಿಟ್ಟು ಬಾಡಿಗೆ ಕೇಳಿದವರಲ್ಲ. ಬೇಸಿಗೆ ಮುಗಿದ ಮೇಲೆ ಒಮ್ಮೆ ಅವಳನ್ನೂ ಬದಲಾಪುರಕ್ಕೆ ಕರೆದುಕೊಂಡು ಹೋಗಿದ್ದರು, ಮನೆಯಲ್ಲಿ ಒಬ್ಬಳನ್ನೇ ಬಿಡಬಾರದೆಂದು ಇರಬೇಕು. ಅಲ್ಲಿ ಒಳಗೆ ಹೋದವರೇ ನೇರ ಅಡುಗೆಮನೆಯ ನಲ್ಲಿ ತಿರುಗಿಸಿ ಕೈ ತೊಳೆದರು. ನಲ್ಲಿ ಸೋರುತ್ತದೆಯೇ, ಗೋಡೆ ಒಸರುತ್ತದೆಯೇ, ಒಲೆ ಇವತ್ತು ಹತ್ತಿದೆಯೇ, ಎಲ್ಲವೂ ಆ ಅರ್ಧ ನಿಮಿಷದಲ್ಲಿ ಅವರಿಗೆ ತಿಳಿಯುತ್ತಿತ್ತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಂದೇ ಮಾತು: "ಮತ್ತೆ?" ಇದ್ದವರು ದುಡ್ಡು ತರುತ್ತಿದ್ದರು. ಇಲ್ಲದವರು ಮಗುವಿನ ಜ್ವರವನ್ನೋ ನಿಂತುಹೋದ ಕೆಲಸವನ್ನೋ ಹೇಳುತ್ತಿದ್ದರು. ಆ ಒಂದು ಮಾತಿಗೆ ಎರಡರಲ್ಲಿ ಯಾವ ಉತ್ತರ ಕೊಟ್ಟರೂ ನಡೆಯುತ್ತಿತ್ತು. ಕರಾರುಗಳನ್ನು ಓದುವ ಆಶ್ರಿತಾ ಇಷ್ಟು ಸಡಿಲವಾದ, ಇಷ್ಟು ಗಟ್ಟಿಯಾದ ಶಬ್ದವನ್ನು ಬೇರೆಲ್ಲೂ ಕಂಡಿರಲಿಲ್ಲ.

ಮೂರನೇ ಮಹಡಿಯ ಪಡಸಾಲೆಯ ಉದ್ದಕ್ಕೂ ನೀರಿನ ಗದ್ದಲ. ಪ್ಲಾಸ್ಟಿಕ್ ಪೈಪುಗಳನ್ನು ದಾಟಿಕೊಂಡು, ಸೀರೆ ಎತ್ತಿ ಹಿಡಿದು ಅವಳು ಕೊನೆಯ ಬಾಗಿಲಿಗೆ ಬಂದಳು. ಡ್ರಮ್ಮು ತುಂಬುತ್ತಿದ್ದ ಮೋಹಿನಿ ಅವಳನ್ನು ನೋಡಿ ಪೈಪು ಹಿಡಿದುಕೊಂಡೇ ನಿಂತುಬಿಟ್ಟಳು. ಡ್ರಮ್ಮು ತುಂಬಿ ನೀರು ಅವಳ ಪಾದದ ಮೇಲೆ ಹರಿಯಿತು. ಯಾದಗಿರಿ ಕಡೆಯವಳು. ಗಂಡ ಸೈದಪ್ಪ ತುರ್ಭೆಯ ಮಂಡಿಯಲ್ಲಿ ಮೂಟೆ ಹೊರುತ್ತಾನೆ, ಇವಳು ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ.

"ಬರ್ರಿ ಅಕ್ಕಾರ... ಅಮ್ಮಾರಿಗೆ ಆರಾಮ ಇಲ್ಲೇನ್ರಿ?"

"ಚೆನ್ನಾಗಿದ್ದಾರೆ."

"ಹಂಗಾರ..." ಎಂದು ಮೋಹಿನಿ ಮುಂದಿನದನ್ನು ನುಂಗಿ ನಲ್ಲಿ ನಿಲ್ಲಿಸಿದಳು.

ಒಳಗಿನಿಂದ ಹನ್ನೆರಡರ ಹುಡುಗಿ ತನ್ವಿಯ ದನಿ: "ಆಯೀ, ಕೋಣ್ ಆಲಂಯ್?"

"ಮಾಲಕರ ಸೊಸಿ ಬಂದಾರ. ಚಾಪಿ ಹಾಸು."

ರೂಮಿನಲ್ಲಿ ಕತ್ತಲೆ. ಆಶ್ರಿತಾ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದಳು. ದೀಪ ಹತ್ತಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗಿತು. ತನ್ವಿ ಕಿಸಕ್ಕನೆ ನಕ್ಕಳು. "ಕಾಕೀ, ವೋ ಉಲ್ಟಾ ಹೈ. ದಾದಾನೇ ಲಗಾಯಾ ಥಾ ನಾ."

"ಸಮಿತಣ್ಣಾರು ಹಾಕಿದ ಬೋರ್ಡರೀ," ಮೋಹಿನಿ ಮಗಳನ್ನು ಗದರುವಂತೆ ನೋಡಿದಳು. "ಲೈಟಿಂದು ಫ್ಯಾನಿಗೆ, ಫ್ಯಾನಿಂದು ಲೈಟಿಗೆ. ಮರುವಾರ ಬಂದು ಸರಿ ಮಾಡ್ತೀನಂದಿದ್ರು. ಈಗ ನಮಗ ರೂಢಿ ಆಗ್ಯದ. ಬ್ಯಾರೆ ಯಾರಿಗಾರ ಬಿಚ್ಚಾಕ ಕೊಡಬೇಕಂತ ಅನಸಲಿಲ್ಲ."

ಆಶ್ರಿತಾ ಫ್ಯಾನಿನ ಕೆಳಗೆ ನಿಂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅವನ ಯಾವ ಗುರುತೂ ಇಲ್ಲದ ನಾಲ್ಕು ಗೋಡೆ. ಡೊಂಬಿವಿಲಿಯ ಮನೆಯಲ್ಲಿ ಅವನ ಅಂಗಿ, ಅವನ ಕುರ್ಚಿ, ಅವನಂತೆಯೇ ಕೆಮ್ಮುವ ಅವನ ತಾಯಿ. ಅಲ್ಲಿ ಅವಳಿಗೆ ಅಳು ಬರುತ್ತಿರಲಿಲ್ಲ. ಇಲ್ಲಿ ಬರಬಹುದು ಎಂದುಕೊಂಡಿದ್ದಳು, ಬರಿಯ ಗೋಡೆಗಳ ನಡುವೆ. ಅವನು ಇಲ್ಲಿ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಎರಡು ತಂತಿಗಳನ್ನು ಅದಲುಬದಲು ಮಾಡಿ ಹೋಗಿದ್ದ. ಗಾಳಿ ಅವಳ ಕತ್ತಿನ ಹಿಂದೆ ತಾಗಿತು.

ಮೋಹಿನಿ ಒಳಗೆ ಹೋಗಿ ಬಂದಳು. ಕೈಯಲ್ಲಿ ಮಡಿಸಿದ ನೋಟುಗಳಿದ್ದವು. "ಏಪ್ರಿಲ್ ತಿಂಗಳದ ಬಾಡಗಿ ಅದರೀ. ಪೂರಾ ಆಗಿಲ್ಲ. ಉಳದದ್ದು ಇವರು ಬಂದ ಮ್ಯಾಲ ಕೊಡ್ತೀವಿ."

"ನಾನು ಅದಕ್ಕೆ ಬಂದಿಲ್ಲ."

ನೋಟು ಹಿಡಿದ ಕೈ ಹಾಗೆಯೇ ಇತ್ತು. ಮೋಹಿನಿ ಮಗಳ ಕಡೆ ನೋಡಿ, "ಹೋಗು, ಹೊರಗ ಡ್ರಮ್ಮಿನ ಮುಚ್ಚಳ ಹಾಕಿ ಬಾ," ಎಂದು ಕಳಿಸಿ, ಸಣ್ಣ ದನಿಯಲ್ಲಿ ಹೇಳಿದಳು: "ಹಂಗಾರ ಖಾಲಿ ಮಾಡ್ರಿ ಅನ್ನಾಕ ಬಂದೀರಿ. ಬಾಗಲದಾಗ ನಿಮ್ಮನ್ನ ನೋಡಿದಾಗs ಅನಿಸ್ತರೀ. ರಜಾ ತಿಂಗಳಾಗ ಅಮ್ಮಾರು ಕಾಲಿಡಂಗಿಲ್ಲ."

ಈಗ ಹೌದು ಎಂದರೆ ಮುಗಿಯಿತು. ವಾಕ್ಯ ನಾಲಗೆಯ ಮೇಲೆ ಸಿದ್ಧವಾಗಿತ್ತು. ಅದರ ಅರ್ಧವನ್ನು ಮೋಹಿನಿಯೇ ಹೇಳಿಕೊಟ್ಟಿದ್ದಳು. ಆಶ್ರಿತಾ ಚಾಪೆಯ ಮೇಲೆ ಕೂತಳು. ಕೂತು, ಒಂದು ಲೋಟ ನೀರು ಕುಡಿದು, ಆಮೇಲೆ ಹೇಳು. "ಸ್ವಲ್ಪ ನೀರು ಕೊಡಿ," ಎಂದಳು.

ನೀರು ಕೊಟ್ಟು ಮೋಹಿನಿ ಎದುರಿಗೆ ಕೂತಳು. ಭಯ ಹೆಚ್ಚಾದಾಗ ಮಾತು ಹೆಚ್ಚಾಗುವ ಹೆಂಗಸು. "ಮೊದಲನೇ ವರ್ಷನೂ ನಾ ಹಿಂಗs ಹೆದರಿದ್ದೆ ನೋಡ್ರಿ. ಏಪ್ರಿಲ್ ಬಂತು, ಅಮ್ಮಾರು ಬರಲಿಲ್ಲ. ನಾನs ರೊಕ್ಕ ಹಿಡಕೊಂಡು ಡೊಂಬಿವಿಲಿಗೆ ಹೋದೆ. ಮುಟ್ಟಲಿಲ್ಲ. 'ಈ ತಿಂಗಳು ಬೇಡ' ಅಂದು ಚಾ ಕುಡಿಸಿ ಕಳಿಸಿದ್ರು. ಕೊಟ್ಟ ಬಾಡಗಿ ತಗೋವಲ್ರು ಅಂದ್ರ ಏನರ್ಥರೀ? ಬಿಡಸ್ತಾರ ಅಂತs ಅಲ್ಲೇನು? ಮನಿಗೆ ಬಂದು ಅತ್ತುಬಿಟ್ಟೆ. ಭಾಂಡೆ, ಹಾಸಿಗಿ ಎಲ್ಲಾ ಗಂಟು ಕಟ್ಟಿದೆ. ಹದಿನೈದು ದಿನ ಗಂಟು ಬಿಚ್ಚಲಾರದs ಬಾಳೇ ಮಾಡೀವಿ, ಒಂದs ತಾಟು, ಒಂದs ಬೋಗಾಣಿ. ಮೇ ತಿಂಗಳಾಗ ಅಮ್ಮಾರು ಬಂದ್ರು. ನಳ ಬಿಟ್ಟು ಕೈ ತೊಳಕೊಂಡ್ರು. ಗಂಟು ನೋಡಿ ಏನ್ ಕೇಳಿದ್ರು ಗೊತ್ತೇನ್ರಿ? 'ಎಂತ ಮೋಹಿನಿ, ರಜೆಯಲ್ಲಿ ಊರಿಗೆ ಹೋಗಿದ್ರಾ, ಈಗ ಬಂದದ್ದಾ?' ಅಂದ್ರು!"

ತನ್ನ ಮಾತಿಗೆ ತಾನೇ ನಗಲು ಹೋಗಿ ಅವಳು ನಿಲ್ಲಿಸಿದಳು. "ಆ ವರ್ಷದ ರೊಕ್ಕದಾಗs ಹೊಲಿಗಿ ಮಷೀನಿಗೆ ಮುಂಗಡ ಕೊಟ್ಟಿದ್ದರೀ," ಎಂದು ಮೂಲೆಗೆ ಕೈ ತೋರಿಸಿದಳು.

ಆಶ್ರಿತಾ ಮಷೀನನ್ನು ನೋಡಲಿಲ್ಲ. ಅವಳ ಹೆಬ್ಬೆರಳು ಸೆರಗಿನ ಮರೆಯಲ್ಲಿ ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡುತ್ತಿತ್ತು. ಮೇ ತಿಂಗಳ ಮೊದಲ ಲಕೋಟೆ. ಮಳೆಗಾಲದ ನಾಲ್ಕು, ದೀಪಾವಳಿಯ ತಿಂಗಳದ್ದು, ಹೀಗೆ ಮಾರ್ಚಿನವರೆಗೆ. ಹನ್ನೊಂದು. ಎರಡನೆಯ ಸಲ ಎಣಿಸಿದಾಗಲೂ ಹನ್ನೊಂದೇ. ಕಟ್ಟೆ ಒರೆಸಿ, ಲಕೋಟೆಯಡಿಯನ್ನೂ ಒರೆಸಿ, ಪುನಃ ಅಲ್ಲೇ ಇಟ್ಟ ಆ ಕೈ. ಹನ್ನೊಂದು ತಿಂಗಳು ಅವರು ಒಂದು ಮಾತಾಡದೆ ತೆಗೆದುಕೊಂಡದ್ದು ಅವಳು ತಲೆಯೆತ್ತಿ ಉಣ್ಣಲಿ ಎಂದು. ಈ ತಿಂಗಳು ತೆಗೆದುಕೊಳ್ಳದೆ ಇದ್ದದ್ದು... ಅವಳು ಮಾತ್ರ ಹನ್ನೆರಡು ದಿನ ಒಳಗೊಳಗೇ ಗಂಟು ಕಟ್ಟಿದ್ದಳು. ಆ ಗಂಟನ್ನು ಈ ಹೆಂಗಸಿನ ತಲೆಯ ಮೇಲೆ ಹೊರಿಸಲು ಸೀರೆ ಉಟ್ಟುಕೊಂಡು ಬಂದಿದ್ದಳು.

ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದಳು. ನೀರು ಬೆಚ್ಚಗಿತ್ತು. ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾ ತಿರುಗಿದಾಗ ಮೋಹಿನಿ ನೋಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

"ರಜಕ್ಕೆ ಊರಿಗೆ ಹೋಗಲ್ವಾ ಈ ಸಲ?" ಎಂದಳು ಆಶ್ರಿತಾ.

ಮೋಹಿನಿಗೆ ಅದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನೋಟಿದ್ದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. "ಅಯ್ಯ ಅಕ್ಕಾರ," ಎಂದಳು, ನೋಟುಗಳ ಹಿಂದಿನಿಂದ, "ನೀವೂ ಅವರಂಗs ಜೀವಾ ತಿಂತೀರಿ."

ಸಂಜೆ ಅವಳು ಮನೆ ಸೇರಿದಾಗ ಹಾಲ್‌ನಲ್ಲಿ ಯೋಗೀಶ್ ಕೂತು ಚಾ ಕುಡಿಯುತ್ತಿದ್ದ. ಬಾಡಿಗೆ ಕಾಗದ ಮಾಡಿಸುವ ಏಜೆಂಟ್. ಉಡುಪಿ ಕಡೆಯವನು, ಹುಟ್ಟಿದ್ದು ಡೊಂಬಿವಿಲಿಯಲ್ಲೇ. ಹೆಬ್ಬೆಟ್ಟು ಒತ್ತುವ ಯಂತ್ರದ ಚೀಲ ಅವನ ಕಾಲ ಬಳಿ ಇತ್ತು. ಕಲ್ಯಾಣದಿಂದ ನೇರ ಬರದೆ ಅವಳು ಸ್ಟೇಷನ್ನಿನ ಬೆಂಚಿನ ಮೇಲೆ ತುಂಬ ಹೊತ್ತು ಕೂತಿದ್ದಳು. ಗಾಡಿಗಳು ಬಂದು ಹೋದವು. ಪಕ್ಕದಲ್ಲಿದ್ದ ಮುದುಕಿ ಕೇಳದೆಯೇ ತನ್ನ ಕರವಸ್ತ್ರ ಕೊಟ್ಟಾಗಲೇ ಅವಳಿಗೆ ತಾನು ಅಳುತ್ತಿರುವುದು ಗೊತ್ತಾದದ್ದು.

"ಬನ್ನಿ ಮೇಡಂ, ನೀವೇ ಜಡ್ಜ್‌ಮೆಂಟ್ ಕೊಡಿ," ಎಂದ ಯೋಗೀಶ್. "ಊರಲ್ಲೆಲ್ಲ ಮೂವತ್ತೊಂದಕ್ಕೆ ಒಂದು ಕಾಗದ ಮುಗಿದ್ರೆ ಒಂದನೇ ತಾರೀಖಿಗೆ ಇನ್ನೊಂದು ಶುರು. ಜಯಕ್ಕ ಮಾತ್ರ ವರ್ಷವರ್ಷ ನಡುವೆ ಒಂದು ಹೊಂಡ ತೋಡಿ ಇಡ್ತಾರೆ. ಸೊಸಾಯಿಟಿ ಸೆಕ್ರೆಟರಿ ನನ್ನ ತಲೆ ತಿಂತಾನೆ. ಕಲ್ಯಾಣದ ರೂಮಿಗೆ ಏಪ್ರಿಲ್‌ನಿಂದಲೇ ಹಾಕ್ತೇನೆ, ಆಯ್ತಾ?"

"ಇವಳತ್ರ ಕೇಳು," ಎಂದರು ಜಯಲತಾ. ದನಿಯಲ್ಲಿ ಕೊಂಕಿರಲಿಲ್ಲ. "ಆ ರೂಮು ಇವಳು ಕೇಳಿದ್ದಾಳೆ."

"ಮೋಹಿನಿ-ಸೈದಪ್ಪರ ಹೆಸರಿಗೇ ಮಾಡಿ," ಎಂದಳು ಆಶ್ರಿತಾ. "ಮೇ ಒಂದರಿಂದ."

ಜಯಲತಾ ಅವಳ ಮುಖವನ್ನು, ಕೆಂಪಾದ ಕಣ್ಣುಗಳನ್ನು ನೋಡಿ ದೃಷ್ಟಿ ಬೇರೆಡೆ ತಿರುಗಿಸಿದರು.

"ಅಯ್ಯೋ, ನೀವೂ ಮೇ!" ಯೋಗೀಶ್ ಲೋಟ ಕೆಳಗಿಟ್ಟ. "ಮಾರಾಯ್ರೆ, ನೀವು ಇಂಗ್ಲಿಷ್ ಎಂ.ಎ. ಅಲ್ವಾ? ದಿನವಿಡೀ ಅಗ್ರಿಮೆಂಟೇ ಓದುವವ್ರು. ನೀವಾದ್ರೂ ಇವ್ರಿಗೆ ಬಿಡಿಸಿ ಹೇಳಿ. ಲೀವ್ ಅಂದ್ರೆ ಎಂತ?"

ಜಯಲತಾ ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡುತ್ತಿದ್ದರು. ಅವತ್ತು ಊಟದ ಹೊತ್ತಿನಲ್ಲಿ ಬಂದಿದ್ದ ಆ ಸಣ್ಣ ನಗು ಈಗಲೂ ತುಟಿಯ ತುದಿಯಲ್ಲಿ ಬಂದು ಕಾಯುತ್ತಿತ್ತು, ತಿದ್ದಿಸಿಕೊಳ್ಳಲು ಸಿದ್ಧವಾಗಿ.

"ರಜೆ," ಎಂದಳು ಆಶ್ರಿತಾ.

ಯೋಗೀಶ್ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. "ಸರಿ ಹೋಯ್ತು. ಈ ಮನೆಗೆ ಬಂದವ್ರೆಲ್ಲ ಒಂದೇ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಎದ್ದ.

ಅವನು ಮೆಟ್ಟಿಲು ಇಳಿಯುವುದು ಕೇಳಿಸಿತು. ಜಯಲತಾ ಅಡುಗೆಮನೆಗೆ ಹೋಗಿ ಕುಚ್ಚಲಕ್ಕಿಯ ಡಬ್ಬಿ ಎತ್ತಿ ಇಬ್ಬರ ಅಕ್ಕಿ ಅಳೆದುಕೊಂಡರು. ಡಬ್ಬಿಯನ್ನು ಲಕೋಟೆಯ ಮೇಲೆಯೇ ಇಟ್ಟರು. ಆಶ್ರಿತಾ ಬಾಗಿಲಲ್ಲಿ ನಿಂತಿದ್ದಳು. ಅವರು ನಲ್ಲಿ ತಿರುಗಿಸಿ, ಅಕ್ಕಿಗೆ ನೀರು ಹಿಡಿಯುತ್ತಾ, ಹಿಂತಿರುಗಿ ನೋಡದೆ ಕೇಳಿದರು:

"ಮತ್ತೆ?"

"ರಜೆ ಇನ್ನೂ ಹದಿನೆಂಟು ದಿನ ಉಂಟು, ಅತ್ತೆ."